ಆರ್‌ವಿಯ ಬ್ಯಾಟರಿಗೆ ಎಷ್ಟು ವೋಲ್ಟ್ ಹೋಗುತ್ತಿದೆ?

ಅಮೆರಿಕದಲ್ಲಿ ಹಳೆಯ ಆರ್‌ವಿ (ರಿಕ್ರಿಯೇಶನಲ್ ವೆಹಿಕಲ್, ಅಂದರೆ ಪ್ರವಾಸದಲ್ಲಿ ವಾಸಿಸಲು ಸಜ್ಜುಗೊಳಿಸಿದ ವಾಹನ) ಕೊಂಡವರು ಎದುರಿಸುವ ತೊಂದರೆಗಳು ಹಲವು ಸಲ ಒಂದರ ಹಿಂದೆ ಒಂದಾಗಿ ಬರುತ್ತವೆ. ಮೊದಲು, ನೆಲಕ್ಕೆ ಸಮೀಪದಲ್ಲಿ ಕೂರಿಸಿರುವ ಗ್ಯಾಸ್ ಡಿಟೆಕ್ಟರ್ ಸೋರಿಕೆಯೇ ಇಲ್ಲದಿದ್ದರೂ ಕೂಗತೊಡಗುತ್ತದೆ. ಆಮೇಲೆ ಚಾವಣಿಯ ಎಲ್‌ಇಡಿ ದೀಪಗಳಲ್ಲಿ ಒಂದೆರಡು ಮಿಣುಕಿ ಆರಿಹೋಗುತ್ತವೆ. ಅದಾದ ಕೆಲವು ವಾರಗಳಿಗೆ ಫ್ರಿಜ್‌ನ ಕಂಟ್ರೋಲ್ ಬೋರ್ಡ್ ಕೆಡುತ್ತದೆ. ಮಾಲೀಕರು ಹೊಸ ಬೋರ್ಡ್ ತರಿಸಿ ಹಾಕಿಸುತ್ತಾರೆ. ಮುಂದಿನ ಪ್ರವಾಸದಲ್ಲಿ ಅದೂ ಕೆಡುತ್ತದೆ. ಮೂರೂ ಬೇರೆ ಬೇರೆ ಕಂಪನಿಗಳು ತಯಾರಿಸಿದ ವಸ್ತುಗಳು, ಮೂರರ ಕೆಲಸವೂ ಬೇರೆ; ಅವುಗಳಿಗೆ ಸಮಾನವಾಗಿರುವುದು ಒಂದೇ ಒಂದು, ಅವು ಮೂರೂ ಬ್ಯಾಟರಿಗೆ ಜೋಡಿಸಿರುವ ಒಂದೇ ತಂತಿಯಿಂದ ವಿದ್ಯುತ್ತು ಪಡೆಯುತ್ತವೆ. ಆ ತಂತಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ಮೊದಲ ಬೋರ್ಡ್ ಕೆಟ್ಟ ದಿನವೇ ಅಳೆದು ನೋಡಿದ್ದರೆ ಎರಡನೆಯ ಬೋರ್ಡ್ ಉಳಿಯುತ್ತಿತ್ತು. ಅಳೆಯದೆ ಬಿಡಿಭಾಗ ಬದಲಿಸುವ ಈ ಅಭ್ಯಾಸವೇ ಆರ್‌ವಿ ಮಾಲೀಕರ ಹಣವನ್ನು ಅತಿ ಹೆಚ್ಚು ವ್ಯರ್ಥಮಾಡುತ್ತದೆ ಎಂದು ನಾನು ನಂಬಿದ್ದೇನೆ.

ನಮ್ಮ ಕಡೆಯವರಿಗೆ ಇಂಥ ವಾಹನ ಹೆಚ್ಚಾಗಿ ಪರಿಚಯವಿರುವುದು ಚಿತ್ರೀಕರಣದ ಸ್ಥಳದಲ್ಲಿ ನಟನಟಿಯರಿಗಾಗಿ ನಿಲ್ಲಿಸುವ ಕ್ಯಾರವಾನ್ ರೂಪದಲ್ಲಿ. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ಬೇಸಿಗೆ ರಜೆಯಲ್ಲಿ ಬಾಡಿಗೆಗೆ ಪಡೆದು ಯೆಲ್ಲೋಸ್ಟೋನ್ ಅಥವಾ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗಿಬರುವ ಮನೆಗಾಡಿಯಾಗಿ ಅದು ಗೊತ್ತು. ತಾನೇ ಓಡುವುದು ಮೋಟರ್‌ಹೋಮ್, ಇನ್ನೊಂದು ವಾಹನ ಎಳೆದೊಯ್ಯುವುದು ಟ್ರೇಲರ್. ಎರಡಕ್ಕೂ ಸೇರಿ ಆರ್‌ವಿ ಎಂಬ ಹೆಸರು. ಮೋಟರ್‌ಹೋಮ್‌ನಲ್ಲಿ ಎಂಜಿನ್ ಚಾಲೂ ಮಾಡಲು ಒಂದು ಬ್ಯಾಟರಿ, ವಾಸದ ಭಾಗಕ್ಕೆ ಬೇರೆ ಬ್ಯಾಟರಿ ಇರುತ್ತದೆ. ದೀಪ, ನೀರಿನ ಪಂಪು, ಗ್ಯಾಸಿನಿಂದ ಉರಿದು ವಾಹನದ ಒಳಗನ್ನು ಬೆಚ್ಚಗಿಡುವ ಫರ್ನೇಸ್‌ನ ಫ್ಯಾನು, ನೀರು ಕಾಯಿಸುವ ಹೀಟರಿನ ಬೋರ್ಡು, ಡಿಟೆಕ್ಟರುಗಳು ಎಲ್ಲವೂ ಈ ಎರಡನೆಯ ಬ್ಯಾಟರಿಯ 12 ವೋಲ್ಟ್ ವ್ಯವಸ್ಥೆಯಲ್ಲಿವೆ. ಗ್ಯಾಸ್ ಅಥವಾ 120 ವೋಲ್ಟ್ ವಿದ್ಯುತ್ತಿನ ಶಾಖದಿಂದ ತಂಪು ಮಾಡುವ ಅಬ್ಸಾರ್ಪ್ಶನ್ ಫ್ರಿಜ್ ಕೂಡ ತನ್ನ ಕಂಟ್ರೋಲ್ ಬೋರ್ಡನ್ನು ನಡೆಸಲು ಈ 12 ವೋಲ್ಟನ್ನೇ ಬೇಡುತ್ತದೆ.

ಈಗ ಆ 12 ಎಂಬ ಸಂಖ್ಯೆಯ ವಿಚಾರ. ಅದು ಕರೆಯಲು ಇಟ್ಟುಕೊಂಡ ಹೆಸರು ಮಾತ್ರ. ಆರೋಗ್ಯವಾಗಿರುವ ವ್ಯವಸ್ಥೆಯಲ್ಲಿ ಮೀಟರ್ ಸರಿಯಾಗಿ 12 ತೋರಿಸಿದರೆ ಸಂತೋಷಪಡುವ ಬದಲು ಚಿಂತಿಸಬೇಕು. ಲೆಡ್-ಆಸಿಡ್ ಬ್ಯಾಟರಿಯಲ್ಲಿ, ಅಂದರೆ ಸೀಸದ ಫಲಕಗಳು ಗಂಧಕಾಮ್ಲದ ದ್ರಾವಣದಲ್ಲಿರುವ ನಮಗೆಲ್ಲ ತಿಳಿದ ಬ್ಯಾಟರಿಯಲ್ಲಿ, ಆರು ಸೆಲ್‌ಗಳಿವೆ. ಪೂರ್ಣ ಚಾರ್ಜ್ ಆದ ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುವುದರಿಂದ, ಚಾರ್ಜರನ್ನೂ ಲೋಡನ್ನೂ (ವಿದ್ಯುತ್ತು ಬಳಸುವ ಉಪಕರಣಗಳನ್ನೂ) ತೆಗೆದು ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ, 12.0 ಎಂದರೆ ಸುಮಾರು ಕಾಲು ಭಾಗ ಉಳಿದಿದೆ, 11.8ರ ಕೆಳಗೆ ಹೆಚ್ಚೇನೂ ಉಳಿದಿಲ್ಲ. ತುಂಬಿದ ಬ್ಯಾಟರಿಗೂ ಬರಿದಾದ ಬ್ಯಾಟರಿಗೂ ನಡುವೆ ಇರುವ ಅಂತರ ಒಂದು ವೋಲ್ಟಿಗಿಂತ ಕಡಿಮೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಆರ್‌ವಿಯ ವಿದ್ಯುತ್ ಕೆಲಸದಲ್ಲಿ ದಶಮಾಂಶ ಬಿಂದುವಿನ ಬಲಗಡೆಯ ಅಂಕಿಗೆ ಎಷ್ಟು ಬೆಲೆ ಇದೆ ಎಂಬುದು ತಿಳಿಯುತ್ತದೆ.

ಬ್ಯಾಟರಿಗೆ ಚಾರ್ಜ್ ತುಂಬಬೇಕಾದರೆ ಅದರ ಸ್ವಂತ ವೋಲ್ಟೇಜಿಗಿಂತ ಮೇಲಿನ ಒತ್ತಡ ಹಾಕಬೇಕು. ವಿದ್ಯುತ್ತು ಬಳಸಿದಂತೆಲ್ಲ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ; ಚಾರ್ಜ್ ಮಾಡುವುದೆಂದರೆ ಆ ಸಲ್ಫೇಟನ್ನು ಮತ್ತೆ ಕರಗಿಸುವುದು. ಮೊದಲ ಹಂತದಲ್ಲಿ ಚಾರ್ಜರ್ ತನ್ನ ಕೈಲಾದಷ್ಟು ಆಂಪಿಯರ್ ಕೊಡುತ್ತ ಹೋಗುತ್ತದೆ, ವೋಲ್ಟೇಜ್ ನಿಧಾನವಾಗಿ ಏರುತ್ತದೆ. ಎರಡನೆಯ ಹಂತದಲ್ಲಿ 14.4ರಿಂದ 14.8ರ ನಡುವಿನ ಒಂದು ವೋಲ್ಟೇಜಿನಲ್ಲಿ ನಿಂತು, ಬ್ಯಾಟರಿ ಹೀರುವ ಕರೆಂಟ್ ತಾನಾಗಿಯೇ ಕಡಿಮೆಯಾಗುವವರೆಗೆ ಗಂಟೆಗಟ್ಟಲೆ ಕಾಯುತ್ತದೆ. ಮೂರನೆಯ ಹಂತದಲ್ಲಿ 13.2ರಿಂದ 13.6ಕ್ಕೆ ಇಳಿದು, ತುಂಬಿದ ಬ್ಯಾಟರಿ ಹಾಗೆಯೇ ಇರಲಿ ಎಂದು ಮಾತ್ರ ನೋಡಿಕೊಳ್ಳುತ್ತದೆ. ಇದು ಫ್ಲೋಟ್ ಹಂತ. ಎರಡನೆಯ ಹಂತವನ್ನು ಅರ್ಧಕ್ಕೇ ನಿಲ್ಲಿಸುತ್ತ ಬಂದರೆ ಕರಗದೆ ಉಳಿದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗಿ, ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಮೂರನೆಯ ಹಂತಕ್ಕೆ ಇಳಿಯದೆ 14.4ರಲ್ಲೇ ದಿನಗಟ್ಟಲೆ ನಿಂತರೆ ದ್ರಾವಣದ ನೀರು ಜಲಜನಕ ಮತ್ತು ಆಮ್ಲಜನಕವಾಗಿ ಒಡೆದು ಹೋಗುತ್ತದೆ. ಊರಿನ ಮನೆಯಲ್ಲಿ ಯುಪಿಎಸ್‌ನ ಟ್ಯೂಬ್ಯುಲರ್ ಬ್ಯಾಟರಿಗೆ ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವವರಿಗೆ ಈ ನಷ್ಟ ಚೆನ್ನಾಗಿ ಗೊತ್ತಿರುತ್ತದೆ. ಆ ಜಲಜನಕ ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೆ ಕಿಡಿ ತಗುಲಿದಾಗ ಹೊತ್ತಿಕೊಳ್ಳಬಲ್ಲದು. ಬ್ಯಾಟರಿಯ ಪೆಟ್ಟಿಗೆಗೆ ಹೊರಗಿನ ಗಾಳಿಯಾಡುವ ಕಿಂಡಿ ಇರಲೇಬೇಕು ಎನ್ನುವುದು ಇದೇ ಕಾರಣಕ್ಕೆ.

ಕ್ಯಾಂಪ್‌ಗ್ರೌಂಡಿನಲ್ಲಿ ವಾಹನ ನಿಲ್ಲಿಸಿ ಅಲ್ಲಿನ ವಿದ್ಯುತ್ ಕಂಬಕ್ಕೆ ಕೇಬಲ್ ಚುಚ್ಚಿದಾಗ ಹೀಗೆ ಚಾರ್ಜ್ ಮಾಡುವ ಯಂತ್ರಕ್ಕೆ ಕನ್ವರ್ಟರ್ ಎನ್ನುತ್ತಾರೆ. ಇನ್ವರ್ಟರ್ ಬೇರೆ, ಕನ್ವರ್ಟರ್ ಬೇರೆ: ಮೊದಲನೆಯದು ಬ್ಯಾಟರಿಯ ವಿದ್ಯುತ್ತನ್ನು ಮನೆಬಳಕೆಯ ಎಸಿ ವಿದ್ಯುತ್ತಾಗಿಸುತ್ತದೆ, ಎರಡನೆಯದು 120 ವೋಲ್ಟ್ ಎಸಿಯನ್ನು 12 ವೋಲ್ಟ್ ವರ್ಗದ ಡಿಸಿಯಾಗಿಸುತ್ತದೆ. ಕನ್ವರ್ಟರಿನ ತಂತಿ ಬ್ಯಾಟರಿಗೂ ಫ್ಯೂಸ್ ಪೆಟ್ಟಿಗೆಗೂ ಒಟ್ಟಿಗೇ ಹೋಗುತ್ತದೆ. ಇಡೀ ಸಮಸ್ಯೆಯ ಮೂಲ ಇಲ್ಲಿದೆ. ಬ್ಯಾಟರಿಯ ಒಳಿತಿಗಾಗಿ ಚಾರ್ಜರ್ 14.6ಕ್ಕೆ ಏರಿದರೆ ದೀಪಕ್ಕೂ ಡಿಟೆಕ್ಟರಿಗೂ ಫ್ರಿಜ್ ಬೋರ್ಡಿಗೂ ಅದೇ 14.6 ಹೋಗುತ್ತದೆ, ಚಾರ್ಜರ್ ಇಲ್ಲದೆ ಬ್ಯಾಟರಿ 11.5ಕ್ಕೆ ಇಳಿದರೆ ಅವಕ್ಕೆಲ್ಲ 11.5ರಲ್ಲೇ ಕೆಲಸ ನಡೆಸಬೇಕು. ಫ್ರಿಜ್ ಬೋರ್ಡುಗಳನ್ನು ಸಾಮಾನ್ಯವಾಗಿ 10.5ರಿಂದ 15ರ ಆಸುಪಾಸಿನವರೆಗೆ ತಾಳುವಂತೆ ರೂಪಿಸುತ್ತಾರೆ. ಎಲ್ಲ ಉಪಕರಣಗಳೂ ಅಷ್ಟು ಗಟ್ಟಿಯಾಗಿರುವುದಿಲ್ಲ.

ಅಗ್ಗದ ಎಲ್‌ಇಡಿ ದೀಪವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಮೂರು ಬಿಳಿ ಎಲ್‌ಇಡಿಗಳು ಸರಣಿಯಲ್ಲಿದ್ದು, ಕರೆಂಟಿಗೆ ಮಿತಿ ಹಾಕಲು ಒಂದು ರೆಸಿಸ್ಟರ್ ಮಾತ್ರ ಇರುತ್ತದೆ. ಮೂರು ಎಲ್‌ಇಡಿಗಳು ಸೇರಿ ಸುಮಾರು 9.3 ವೋಲ್ಟ್ ಹಿಡಿದುಕೊಳ್ಳುತ್ತವೆ ಎನ್ನೋಣ. ಸರಬರಾಜು ಸರಿಯಾಗಿ 12 ವೋಲ್ಟ್ ಇದ್ದಾಗ ರೆಸಿಸ್ಟರಿನ ಪಾಲಿಗೆ 2.7 ವೋಲ್ಟ್ ಉಳಿಯುತ್ತದೆ, ಸರಬರಾಜು 14.4ಕ್ಕೆ ಏರಿದಾಗ 5.1 ಉಳಿಯುತ್ತದೆ. ಸರಬರಾಜು ಏರಿದ್ದು ಶೇಕಡಾ 20 ಮಾತ್ರ, ಆದರೆ ಎಲ್‌ಇಡಿಗಳ ಮೂಲಕ ಹರಿಯುವ ಕರೆಂಟ್ ಹೆಚ್ಚುಕಡಿಮೆ ಎರಡರಷ್ಟಾಯಿತು, ರೆಸಿಸ್ಟರಿನಲ್ಲಿ ಹುಟ್ಟುವ ಶಾಖ ಮೂರೂವರೆ ಪಟ್ಟಿನಷ್ಟಾಯಿತು. ಅಂಥ ದೀಪ ಅಂಗಡಿಯಲ್ಲಿ ಪರೀಕ್ಷಿಸಿದಾಗ ಚೆನ್ನಾಗಿಯೇ ಉರಿದಿರುತ್ತದೆ, ಆರ್‌ವಿಯಲ್ಲಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕಪ್ಪಾಗಿರುತ್ತದೆ. ಒಳಗೆ ಕರೆಂಟ್ ನಿಯಂತ್ರಿಸುವ ಸರ್ಕ್ಯೂಟ್ ಇರುವ, 10ರಿಂದ 30 ವೋಲ್ಟ್ ಎಂದು ಬರೆದಿರುವ ದೀಪಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ಸರಿಯಾದ ಲೆಕ್ಕಾಚಾರ. ಅನೇಕರು ಫ್ಯೂಸ್ ಇದೆಯಲ್ಲ ಎಂದು ಧೈರ್ಯವಾಗಿರುತ್ತಾರೆ. ಫ್ಯೂಸ್ ಕಾಯುವುದು ತಂತಿಯನ್ನು, ಅದೂ ಅತಿಯಾದ ಆಂಪಿಯರ್ ಹರಿದಾಗ ಮಾತ್ರ. ಕಾಲು ಆಂಪಿಯರ್ ಬಳಸುವ ಡಿಟೆಕ್ಟರಿಗೆ 18 ವೋಲ್ಟ್ ಬಂದರೂ 15 ಆಂಪಿಯರಿನ ಫ್ಯೂಸ್‌ಗೆ ಅದರ ಸುಳಿವೇ ಸಿಗುವುದಿಲ್ಲ.

ವೋಲ್ಟೇಜ್ ಮಿತಿ ಮೀರಿ ಏರುವ ದಾರಿಗಳು ಹಲವಿವೆ, ಅವುಗಳಲ್ಲಿ ಕೆಲವು ಯಾರ ತಪ್ಪೂ ಇಲ್ಲದೆ ನಡೆಯುವಂಥವು. ಬ್ಯಾಟರಿಯ ರಾಸಾಯನಿಕ ಕ್ರಿಯೆ ತಂಪಿನಲ್ಲಿ ಮಂದವಾಗುತ್ತದೆ, ಸೆಕೆಯಲ್ಲಿ ಚುರುಕಾಗುತ್ತದೆ. ಆದ್ದರಿಂದ ಒಳ್ಳೆಯ ಚಾರ್ಜರುಗಳು 25 ಡಿಗ್ರಿ ಸೆಲ್ಸಿಯಸ್ಸನ್ನು ಆಧಾರವಾಗಿಟ್ಟುಕೊಂಡು, ಉಷ್ಣತೆ ಒಂದೊಂದು ಡಿಗ್ರಿ ಇಳಿದಂತೆ ಪ್ರತಿ ಸೆಲ್‌ಗೆ 3ರಿಂದ 5 ಮಿಲಿವೋಲ್ಟ್ ಏರಿಸುತ್ತವೆ, ಏರಿದಂತೆ ಅಷ್ಟೇ ಇಳಿಸುತ್ತವೆ. ಮಿಲಿವೋಲ್ಟ್ ಎಂದಾಗ ಅಲ್ಪವೆನಿಸುತ್ತದೆ. ಆದರೆ ಸೆಲ್‌ಗೆ 4 ಮಿಲಿವೋಲ್ಟಿನಂತೆ ಆರು ಸೆಲ್‌ಗೆ 24 ಆಗುತ್ತದೆ; ಮೈನಸ್ 10 ಡಿಗ್ರಿಯ ಬೆಳಗ್ಗೆ 35 ಡಿಗ್ರಿಗಳ ವ್ಯತ್ಯಾಸಕ್ಕೆ 0.84 ವೋಲ್ಟ್ ಸೇರಿ, 14.4 ಇರಬೇಕಾದದ್ದು 15.24 ಆಗುತ್ತದೆ. ಚಾರ್ಜರ್ ತನ್ನ ಕರ್ತವ್ಯವನ್ನೇ ಮಾಡುತ್ತಿದೆ, ಬ್ಯಾಟರಿಗೂ ಅದೇ ಬೇಕಾಗಿದೆ. ಒಳಗೆ ಬೆಚ್ಚಗಿರುವ ಫ್ರಿಜ್ ಬೋರ್ಡ್ ಮಾತ್ರ ತನ್ನ ಮಿತಿಯ ಅಂಚಿಗೆ ಬಂದಿದೆ. ಉಷ್ಣತೆ ಅಳೆಯುವ ಸೆನ್ಸರ್ ಬ್ಯಾಟರಿಯಿಂದ ಕಳಚಿ ಹೊರಗಿನ ಶೀತಗಾಳಿಯಲ್ಲಿ ನೇತಾಡುತ್ತಿದ್ದರಂತೂ ಬ್ಯಾಟರಿ ಬೆಚ್ಚಗಿದ್ದರೂ ಚಾರ್ಜರ್ ಏರಿಸುತ್ತಲೇ ಹೋಗುತ್ತದೆ. ಅರಿಜೋನಾದ ಮರುಭೂಮಿಯ ಬೇಸಿಗೆಯಲ್ಲಿ ಇದರ ತದ್ವಿರುದ್ಧ ತೊಂದರೆ: ಬ್ಯಾಟರಿಯ ಪೆಟ್ಟಿಗೆ 45 ಡಿಗ್ರಿ ದಾಟಿದಾಗ ಸೆನ್ಸರ್ ಇಲ್ಲದ ಚಾರ್ಜರ್ 14.4ನ್ನೇ ಹಾಕುತ್ತದೆ, ಅಲ್ಲಿ ಬೇಕಾಗಿದ್ದುದು 13.9ರಷ್ಟು. ಬ್ಯಾಟರಿ ಕಾದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ, ಎಳೆದಷ್ಟೂ ಇನ್ನಷ್ಟು ಕಾಯುತ್ತದೆ. ನೀರು ತುಂಬಲು ಅವಕಾಶವಿಲ್ಲದ, ಎಜಿಎಂ ಎಂಬ ಮುಚ್ಚಿದ ಬಗೆಯ ಲೆಡ್-ಆಸಿಡ್ ಬ್ಯಾಟರಿಗಳು ಹೀಗೆ ಉಬ್ಬಿ ಹಾಳಾಗುತ್ತವೆ.

ಉದ್ದೇಶಪೂರ್ವಕವಾಗಿ ವೋಲ್ಟೇಜ್ ಏರಿಸುವ ಸಂದರ್ಭವೂ ಒಂದಿದೆ. ನೀರು ತುಂಬುವ ಬಗೆಯ ಬ್ಯಾಟರಿಗಳಲ್ಲಿ ಸೆಲ್‌ಗಳ ನಡುವಿನ ವ್ಯತ್ಯಾಸ ಸರಿಪಡಿಸಲು ಆಗಾಗ 15.5ರಿಂದ 16 ವೋಲ್ಟ್‌ವರೆಗೆ ಏರಿಸಿ ದ್ರಾವಣದಲ್ಲಿ ಗುಳ್ಳೆ ಏಳಿಸುವ ಈಕ್ವಲೈಸ್ ಎಂಬ ಕ್ರಮ ಅದು. ಅದನ್ನು ಮಾಡುವಾಗ 12 ವೋಲ್ಟ್ ಲೋಡುಗಳನ್ನೆಲ್ಲ ಸ್ವಿಚ್‌ನಿಂದ ಆರಿಸಿದರೆ ಸಾಲದು, ಸಂಪೂರ್ಣವಾಗಿ ಬೇರ್ಪಡಿಸಬೇಕು. ಗ್ಯಾಸ್ ಡಿಟೆಕ್ಟರಿಗೆ ಸ್ವಿಚ್ಚೇ ಇರುವುದಿಲ್ಲ. ಅದು ಸುರಕ್ಷತೆಯ ಸಾಧನವಾದ್ದರಿಂದ ಸದಾ ಚಾಲೂ ಇರುವಂತೆ ಜೋಡಿಸಿರುತ್ತಾರೆ, ಹಾಗಾಗಿ ಮೊದಲು ಏಟು ತಿನ್ನುವುದೂ ಅದೇ. ಸೋಲಾರ್ ಫಲಕದಿಂದ ಬ್ಯಾಟರಿ ತುಂಬಿಸುವ ಕಂಟ್ರೋಲರುಗಳಲ್ಲಿ ಈಕ್ವಲೈಸ್ ತಾನಾಗಿಯೇ ತಿಂಗಳಿಗೊಮ್ಮೆ ನಡೆಯುವಂತೆ ಮೊದಲೇ ಹೊಂದಿಸಿಟ್ಟಿರುವುದುಂಟು. ಕೊಂಡ ದಿನವೇ ಆ ಹೊಂದಾಣಿಕೆಯನ್ನು ತೆರೆದು ನೋಡಬೇಕು.

ಕೆಟ್ಟ ಬ್ಯಾಟರಿಯೂ ಒಳ್ಳೆಯ ಚಾರ್ಜರನ್ನು ದಾರಿ ತಪ್ಪಿಸುತ್ತದೆ. ಆರು ಸೆಲ್‌ಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಉಳಿದ ಐದು ಸೇರಿ ಸುಮಾರು 10.5 ವೋಲ್ಟ್ ಕೊಡುತ್ತವೆ. ಬ್ಯಾಟರಿ ಬರಿದಾಗಿದೆಯೆಂದು ಭಾವಿಸಿದ ಚಾರ್ಜರ್ 14.4ಕ್ಕಾಗಿ ಒತ್ತುತ್ತಲೇ ಇರುತ್ತದೆ. ಆರು ಸೆಲ್‌ಗೆ ಹಂಚಿದರೆ 2.4ರಂತೆ ಬರಬೇಕಾದದ್ದು ಈಗ ಐದಕ್ಕೆ ಹಂಚಿ 2.88ರಂತೆ ಬೀಳುತ್ತದೆ, ದ್ರಾವಣ ಕುದಿಯತೊಡಗುತ್ತದೆ. ಬ್ಯಾಟರಿ ಮುಟ್ಟಲಾರದಷ್ಟು ಬಿಸಿಯಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ. ಆ ವಾಸನೆ ಹೈಡ್ರೋಜನ್ ಸಲ್ಫೈಡಿನದು, ಅದು ವಿಷಾನಿಲ. ಅಡುಗೆ ಅನಿಲ ಸೋರುತ್ತಿದೆಯೆಂದು ತಿಳಿದು ಒಲೆಯ ಬಳಿ ಹುಡುಕುತ್ತ ಕೂರದೆ, ಕಂಬದ ಬ್ರೇಕರ್ ಆರಿಸಿ, ಬಾಗಿಲು ಕಿಟಕಿ ತೆರೆದು ಹೊರಗೆ ಬರಬೇಕು. ಎರಡು ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸಿದ್ದಲ್ಲಿ ಒಳ್ಳೆಯದೂ ಕೆಟ್ಟದರೊಳಗೆ ತನ್ನ ಚಾರ್ಜನ್ನೆಲ್ಲ ಸುರಿದು ಅದರ ಜೊತೆಗೇ ಹಾಳಾಗುತ್ತದೆ. ಹಳೆಯದರ ಪಕ್ಕದಲ್ಲಿ ಹೊಸದೊಂದನ್ನು ಕೂರಿಸಬಾರದು ಎಂದು ಹೇಳುವುದು ಇದಕ್ಕಾಗಿ.

ಹಳೆಯ ಮಾದರಿಯ ಕನ್ವರ್ಟರುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಭಾರವಾದ ಟ್ರಾನ್ಸ್‌ಫಾರ್ಮರ್ ಇರುವ, ಗುಂಯ್‌ಗುಡುವ ಆ ಯಂತ್ರಗಳಿಗೆ ಹಂತಗಳಿಲ್ಲ, ಸುಮಾರು 13.8 ವೋಲ್ಟಿನಲ್ಲೇ ಸದಾ ನಿಂತಿರುತ್ತವೆ. ಇದು ಬ್ಯಾಟರಿಯನ್ನು ಬೇಗ ತುಂಬಲು ಕಡಿಮೆ, ತಿಂಗಳುಗಟ್ಟಲೆ ಹಾಗೇ ಬಿಡಲು ಹೆಚ್ಚು. ಕಂಬದ ವೋಲ್ಟೇಜಿನ ಜೊತೆಗೆ ಅವುಗಳ ವೋಲ್ಟೇಜೂ ಏರಿಳಿಯುವುದುಂಟು. ಇನ್ನೂ ಮುಖ್ಯವಾಗಿ, ಅವು ಕೊಡುವ ಡಿಸಿ ಸಮತಟ್ಟಾದುದಲ್ಲ, ಸೆಕೆಂಡಿಗೆ 120 ಬಾರಿ ಏರಿಳಿಯುವ ಅಲೆಗಳ ಸಾಲು. ಬೋರ್‌ವೆಲ್ ಪಂಪು ಬಿಟ್ಟು ಬಿಟ್ಟು ನೀರು ಎತ್ತಿದರೂ ಮಾಳಿಗೆಯ ಟ್ಯಾಂಕ್ ಇರುವುದರಿಂದ ನಲ್ಲಿಯಲ್ಲಿ ನೀರು ಒಂದೇ ಸಮನೆ ಬರುತ್ತದೆಯಲ್ಲವೆ, ಇಲ್ಲಿ ಆ ಟ್ಯಾಂಕಿನ ಕೆಲಸವನ್ನು ಬ್ಯಾಟರಿ ಮಾಡುತ್ತದೆ. ಬ್ಯಾಟರಿ ಸತ್ತಿದೆ, ಹೇಗೂ ಕಂಬದ ವಿದ್ಯುತ್ತು ಇದೆ ಎಂದು ಅದನ್ನು ಕಳಚಿಟ್ಟು ಪ್ರವಾಸ ಮುಂದುವರಿಸಿದವರ ವಾಹನದಲ್ಲಿ ಆ ಅಲೆಗಳ ತುದಿಗಳು ನೇರವಾಗಿ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬಡಿಯುತ್ತವೆ. ಮೀಟರಿನ ಡಿಸಿ ವ್ಯಾಪ್ತಿ ಸರಾಸರಿಯನ್ನಷ್ಟೇ ತೋರಿಸುವುದರಿಂದ 13.8 ಎಂದು ನೋಡಿ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಾರೆ. ಇಂಥ ಕನ್ವರ್ಟರ್ ಇರುವ ವಾಹನ ಕೊಂಡರೆ, ಬೇರೆ ಯಾವ ಅಲಂಕಾರಕ್ಕೂ ಮೊದಲು ಅದನ್ನು ತೆಗೆದು ಹಂತಗಳಿರುವ ಹೊಸದನ್ನು ಹಾಕಿಸುವುದು ಒಳ್ಳೆಯದು.

ಕಡಿಮೆ ವೋಲ್ಟೇಜಿನ ಕೇಡು ಇಷ್ಟು ಥಟ್ಟನೆ ಕಾಣುವುದಿಲ್ಲ, ಅದು ಬೇರೆ ಉಪಕರಣದ ದೋಷದ ವೇಷದಲ್ಲಿ ಬರುತ್ತದೆ. ಚಳಿಯ ರಾತ್ರಿ, ವಿದ್ಯುತ್ ಕಂಬವಿಲ್ಲದ ಕಾಡಿನಲ್ಲಿ ವಾಹನ ನಿಂತಿದೆ. ಬೆಳಗಿನ ಜಾವ ಮೂರು ಗಂಟೆಗೆ ಫರ್ನೇಸ್‌ನ ಫ್ಯಾನು ತಿರುಗುತ್ತದೆ, ಆದರೆ ಬೆಂಕಿ ಹೊತ್ತುವುದಿಲ್ಲ. ಫರ್ನೇಸ್ ಒಳಗೆ ಸೈಲ್ ಸ್ವಿಚ್ ಎಂಬ ಸಣ್ಣ ತಗಡಿದೆ. ಗಾಳಿ ಸಾಕಷ್ಟು ರಭಸದಿಂದ ಬೀಸಿ ಅದನ್ನು ತಳ್ಳಿದಾಗ ಮಾತ್ರ ಗ್ಯಾಸ್ ಬಿಡಲು ಅಪ್ಪಣೆ ಸಿಗುತ್ತದೆ. ಹೊಗೆ ಹೊರಹೋಗಲು ಗಾಳಿಯಿಲ್ಲದೆ ಉರಿ ಹೊತ್ತಬಾರದು ಎಂಬ ಮುನ್ನೆಚ್ಚರಿಕೆ ಅದು. ಬ್ಯಾಟರಿ 11 ವೋಲ್ಟಿನ ಕೆಳಗೆ ಜಾರಿ ಫ್ಯಾನು ನಿಧಾನವಾದಾಗ ತಗಡು ಸರಿಯುವುದಿಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಹೊರಟು, ದುರಸ್ತಿಯವರ ಬಳಿ ತಲುಪುವಷ್ಟರಲ್ಲಿ ಬ್ಯಾಟರಿ ಚೇತರಿಸಿಕೊಂಡು ಫರ್ನೇಸ್ ಚೆನ್ನಾಗಿ ಉರಿಯುತ್ತದೆ. ಆದರೂ ಅನುಮಾನದ ಮೇಲೆ ಅದರ ಬೋರ್ಡ್ ಬದಲಾಗುತ್ತದೆ. ಫ್ರಿಜ್ ಗ್ಯಾಸಿನಲ್ಲಿ ನಡೆಯುವಾಗ ಗ್ಯಾಸ್ ವಾಲ್ವನ್ನು ತೆರೆದು ಹಿಡಿಯುವ ವಿದ್ಯುತ್ಕಾಂತಕ್ಕೂ ಇದೇ ಗತಿ. ಗೋಡೆಯನ್ನೇ ಹೊರಕ್ಕೆ ಸರಿಸಿ ಕೋಣೆ ಹಿಗ್ಗಿಸುವ ಸ್ಲೈಡ್‌ಔಟ್ ಮೋಟರುಗಳು ಬಹಳ ಕರೆಂಟ್ ಎಳೆಯುವುದರಿಂದ ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ನಡುದಾರಿಯಲ್ಲೇ ನಿಲ್ಲುತ್ತವೆ.

ಇಡೀ ದಿನ ಓಡಿಸಿದ್ದೇವೆ, ಬ್ಯಾಟರಿ ತುಂಬಿರಲೇಬೇಕು ಎನ್ನುವ ನಂಬಿಕೆ ಟ್ರೇಲರ್ ಎಳೆಯುವವರಲ್ಲಿ ಬಲವಾಗಿದೆ. ಎಳೆಯುವ ವಾಹನದ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ) 14.2 ವೋಲ್ಟ್ ಕೊಡುತ್ತಿರಬಹುದು. ಆದರೆ ಟ್ರೇಲರಿನ ಬ್ಯಾಟರಿಗೆ ಹೋಗಿ ಹಿಂದಿರುಗುವ ತಂತಿಯ ಒಟ್ಟು ಉದ್ದ 20 ಮೀಟರ್ ಎನ್ನೋಣ. ಅಮೆರಿಕದ ಅಳತೆಯಲ್ಲಿ 10 ಗೇಜ್ ಎನ್ನುವ ತಾಮ್ರದ ತಂತಿಗೆ ಮೀಟರಿಗೆ ಸುಮಾರು 3.3 ಮಿಲಿಓಮ್ ಪ್ರತಿರೋಧವಿದೆ. 20 ಮೀಟರಿಗೆ 0.066 ಓಮ್ ಆಗಿ, 15 ಆಂಪಿಯರ್ ಹರಿದಾಗ ದಾರಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಗೆ ತಲುಪುವುದು 13.2 ಮಾತ್ರ, ಅದು ಫ್ಲೋಟ್ ವೋಲ್ಟೇಜಿನ ಕೆಳ ಅಂಚು. ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟ್ ಇಳಿದು ನಷ್ಟವೂ ಇಳಿಯುತ್ತದೆ, ನಿಜ. ಆದರೆ ಪೂರ್ತಿ ತುಂಬಲು ಒಂದು ದಿನದ ಪ್ರಯಾಣ ಸಾಲುವುದಿಲ್ಲ. ಹಿಂದೆ ಎರಡು ಬ್ಯಾಟರಿಗಳನ್ನು ಬೇರ್ಪಡಿಸಲು ಬಳಸುತ್ತಿದ್ದ ಡಯೋಡ್ ಐಸೊಲೇಟರ್ ಇನ್ನೊಂದು 0.7 ವೋಲ್ಟ್ ನುಂಗುತ್ತದೆ. ರಿಲೇ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಬಗೆಯದಾದರೆ ಅದರ ಸಂಪರ್ಕದ ತುದಿಗಳು ವರ್ಷಗಳಲ್ಲಿ ಸುಟ್ಟು ಗುಳಿಬಿದ್ದು ಅಷ್ಟೇ ನುಂಗತೊಡಗುತ್ತವೆ. ಇಂಧನ ಉಳಿಸಲು ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜ್ ಇಳಿಸಿಬಿಡುವ ಇತ್ತೀಚಿನ ವಾಹನಗಳ ಸ್ಮಾರ್ಟ್ ಆಲ್ಟರ್ನೇಟರುಗಳಿಂದ ಈ ತೊಂದರೆ ಇನ್ನೂ ಹೆಚ್ಚಿದೆ, ಏಕೆಂದರೆ ಅವು ನೋಡುವುದು ಎಂಜಿನ್ನಿನ ಬ್ಯಾಟರಿಯನ್ನೇ ಹೊರತು ಹಿಂದಿರುವ ಟ್ರೇಲರಿನದನ್ನಲ್ಲ. ಬ್ಯಾಟರಿಯ ಪಕ್ಕದಲ್ಲೇ ಕೂತು, ಬಂದ ವೋಲ್ಟೇಜ್ ಎಷ್ಟೇ ಇರಲಿ, ಬೇಕಾದ ಮಟ್ಟಕ್ಕೆ ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಇದಕ್ಕೆ ಸರಿಯಾದ ಉಪಾಯ.

12 ವೋಲ್ಟಿನ ಮಾತು ಆಡುವಾಗ 120 ವೋಲ್ಟಿನ ಕಡೆಯನ್ನು ಪೂರ್ತಿ ಬಿಡಲಾಗದು, ಏಕೆಂದರೆ ಕನ್ವರ್ಟರನ್ನೇ ಸುಡುವ ಎರಡು ತಪ್ಪುಗಳು ಅಲ್ಲಿಂದ ಬರುತ್ತವೆ. 30 ಆಂಪಿಯರಿನ ಆರ್‌ವಿ ಸಾಕೆಟ್ 120 ವೋಲ್ಟಿನದು; ಮೂರು ಕಾಲುಗಳ ಅದರ ಆಕಾರ ಬಟ್ಟೆ ಒಣಗಿಸುವ ಯಂತ್ರದ ಹಳೆಯ 240 ವೋಲ್ಟ್ ಸಾಕೆಟನ್ನು ಹೋಲುವುದರಿಂದ, ಮನೆಯಂಗಳದಲ್ಲಿ ಸಾಕೆಟ್ ಹಾಕಿಕೊಡುವ ಎಲೆಕ್ಟ್ರಿಷಿಯನ್ನರು ಅದಕ್ಕೆ 240 ವೋಲ್ಟ್ ಕೊಟ್ಟುಬಿಡುವುದಿದೆ. ಪ್ಲಗ್ ಚುಚ್ಚಿದ ಕ್ಷಣದಲ್ಲೇ ಮೈಕ್ರೋವೇವ್, ಟಿವಿ, ಕನ್ವರ್ಟರ್ ಒಟ್ಟಿಗೆ ಹೋಗುತ್ತವೆ. ಎರಡನೆಯದು ನಮಗೆಲ್ಲ ಪರಿಚಿತವಾದ ನ್ಯೂಟ್ರಲ್ ಕಡಿತ. ಊರಿನಲ್ಲಿ ಗಾಳಿಮಳೆಗೆ ನ್ಯೂಟ್ರಲ್ ತಂತಿ ತುಂಡಾಗಿ ಒಂದು ಸಾಲು ಮನೆಗಳ ಟಿವಿಗಳು ಸುಟ್ಟುಹೋದ ಸಂಗತಿ ಕೇಳದವರು ಕಡಿಮೆ. 50 ಆಂಪಿಯರಿನ ಆರ್‌ವಿ ಸಂಪರ್ಕದಲ್ಲಿ 120 ವೋಲ್ಟಿನ ಎರಡು ಸಾಲುಗಳು ಒಂದೇ ನ್ಯೂಟ್ರಲನ್ನು ಹಂಚಿಕೊಂಡಿರುತ್ತವೆ, ಎರಡರ ನಡುವೆ 240 ಇರುತ್ತದೆ. ಕಂಬದ ಸಾಕೆಟ್ಟಿನಲ್ಲಿ ನ್ಯೂಟ್ರಲಿನ ಹಿಡಿತ ಸಡಿಲವಾದರೆ ಆ 240 ಲೋಡಿಗೆ ತಕ್ಕಂತೆ ಹಂಚಿಹೋಗಿ ಒಂದು ಕಡೆ 60, ಇನ್ನೊಂದು ಕಡೆ 180 ಆಗಬಹುದು. ವೋಲ್ಟೇಜ್ 104ರ ಕೆಳಗೆ ಇಳಿದರೂ 132ರ ಮೇಲೆ ಏರಿದರೂ ಸಂಪರ್ಕ ಕಡಿಯುವ ರಕ್ಷಣಾ ಸಾಧನಗಳು ಸಿಗುತ್ತವೆ. ಸಿಡಿಲಿನ ಕ್ಷಣಿಕ ಏರಿಕೆಯನ್ನಷ್ಟೇ ತಡೆಯುವ ಅಗ್ಗದ ಸರ್ಜ್ ಪ್ರೊಟೆಕ್ಟರ್ ಬೇರೆಯೇ ವಸ್ತು, ಅದು ಈ ಕೆಲಸ ಮಾಡುವುದಿಲ್ಲ.

ಲೀಥಿಯಂ ಬ್ಯಾಟರಿಗೆ ಬದಲಾಯಿಸಿಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ. ಆರ್‌ವಿಗಳಲ್ಲಿ ಬಳಸುವ ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 3.2 ವೋಲ್ಟಿನ ನಾಲ್ಕು ಸೆಲ್‌ಗಳಿದ್ದು 12.8 ಆಗುತ್ತದೆ, ಅದನ್ನು ತುಂಬಲು 14.2ರಿಂದ 14.6 ಬೇಕು. ಹಳೆಯ ಕನ್ವರ್ಟರ್ 13.6ರಲ್ಲೇ ನಿಂತರೆ ಅದು ಬಹಳ ನಿಧಾನವಾಗಿ ತುಂಬುತ್ತದೆ. ಲೆಡ್-ಆಸಿಡ್‌ಗಾಗಿ ಇರುವ ಈಕ್ವಲೈಸ್ ಕ್ರಮವೂ ಉಷ್ಣತೆಗೆ ತಕ್ಕ ಏರಿಳಿತವೂ ಇದಕ್ಕೆ ಹೊಂದುವುದಿಲ್ಲ. ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಲೀಥಿಯಂ ಲೋಹವಾಗಿ ಫಲಕದ ಮೇಲೆ ಕೂತು ಸೆಲ್ ಹಾಳಾಗುತ್ತದೆ. ಇವುಗಳಿಂದ ರಕ್ಷಿಸಲು ಬ್ಯಾಟರಿಯೊಳಗೇ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇದೆ, ಅಪಾಯ ಕಂಡಾಗ ಅದು ಬ್ಯಾಟರಿಯನ್ನು ತಟ್ಟನೆ ಬೇರ್ಪಡಿಸುತ್ತದೆ. ಬ್ಯಾಟರಿ ಉಳಿಯಿತು, ಆದರೆ ಆ ಗಳಿಗೆಯಲ್ಲಿ ಆಲ್ಟರ್ನೇಟರ್ ನೇರವಾಗಿ 80 ಆಂಪಿಯರ್ ತುಂಬುತ್ತಿದ್ದರೆ, ಹೋಗಲು ದಾರಿಯಿಲ್ಲದ ಆ ಶಕ್ತಿ ಹತ್ತಾರು ವೋಲ್ಟ್‌ಗಳ ಅಲೆಯಾಗಿ ಉಳಿದ ಉಪಕರಣಗಳ ಮೇಲೂ ಆಲ್ಟರ್ನೇಟರಿನ ಸ್ವಂತ ಡಯೋಡುಗಳ ಮೇಲೂ ಬೀಳುತ್ತದೆ. ಲೀಥಿಯಂ ಬ್ಯಾಟರಿ ತುಂಬುವವರೆಗೂ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡದ ಕಾರಣ ಆಲ್ಟರ್ನೇಟರ್ ಕಾದು ಸುಡುವುದೂ ಇದೆ. ಡಿಸಿ-ಡಿಸಿ ಚಾರ್ಜರ್ ಇಲ್ಲದೆ ಲೀಥಿಯಂ ಬ್ಯಾಟರಿಯನ್ನು ಎಂಜಿನ್ನಿಗೆ ಜೋಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟನ್ನೂ ಪತ್ತೆ ಹಚ್ಚಲು ಬೇಕಾಗಿರುವುದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಯಾವ ಸಂಪರ್ಕವೂ ಇಲ್ಲದೆ ಕೆಲವು ಗಂಟೆ ಬಿಟ್ಟ ಬ್ಯಾಟರಿಯ ಎರಡು ತುದಿಗಳಲ್ಲಿ ಮೊದಲು ಅಳೆದು ಬರೆದಿಟ್ಟುಕೊಳ್ಳಬೇಕು. ನಂತರ ಕಂಬಕ್ಕೆ ಕೇಬಲ್ ಚುಚ್ಚಿ ಅದೇ ಜಾಗದಲ್ಲಿ ಮತ್ತೆ ನೋಡಬೇಕು. ಕೆಲವು ನಿಮಿಷಗಳಲ್ಲಿ ಅಂಕಿ 13ನ್ನು ದಾಟಿ ಏರತೊಡಗದಿದ್ದರೆ ಚಾರ್ಜ್ ಬ್ಯಾಟರಿಯನ್ನು ತಲುಪುತ್ತಿಲ್ಲ. ಆಗ ಕನ್ವರ್ಟರಿನ ಮೈಮೇಲೋ ಫ್ಯೂಸ್ ಪೆಟ್ಟಿಗೆಯಲ್ಲೋ ಇರುವ ರಿವರ್ಸ್ ಪೊಲಾರಿಟಿ ಫ್ಯೂಸುಗಳನ್ನು ನೋಡಬೇಕು. ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದಾಗ ಸುಡುವಂತೆ ಇಟ್ಟಿರುವ 30 ಅಥವಾ 40 ಆಂಪಿಯರಿನ ಫ್ಯೂಸುಗಳವು. ಕಾರಿನಲ್ಲಿ ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್. ಆದರೆ ಅನೇಕ ಟ್ರೇಲರುಗಳ 12 ವೋಲ್ಟ್ ವೈರಿಂಗ್‌ನಲ್ಲಿ ಅಮೆರಿಕದ ಮನೆ ವೈರಿಂಗಿನ ರೂಢಿಯಂತೆ ಕಪ್ಪೇ ಪ್ಲಸ್, ಬಿಳಿ ಮೈನಸ್. ಚಳಿಗಾಲಕ್ಕೆ ಬ್ಯಾಟರಿ ಬಿಚ್ಚಿಟ್ಟು ವಸಂತದಲ್ಲಿ ಮತ್ತೆ ಹಾಕುವಾಗ ಕಾರಿನ ಅಭ್ಯಾಸದಿಂದ ಕಪ್ಪನ್ನು ಮೈನಸ್‌ಗೆ ಸಿಕ್ಕಿಸಿದವರ ಫ್ಯೂಸ್ ಆ ಕ್ಷಣವೇ ಹೋಗಿರುತ್ತದೆ, ಆದರೂ ಕಂಬದ ವಿದ್ಯುತ್ತಿನಲ್ಲಿ ದೀಪಗಳೆಲ್ಲ ಉರಿಯುತ್ತವೆ. ಚಾರ್ಜ್ ಆಗುತ್ತಿಲ್ಲವೆಂಬುದು ತಿಳಿಯುವುದು ಮೊದಲ ಕಾಡಿನ ರಾತ್ರಿಯಲ್ಲಿ.

ಮೂರನೆಯ ಅಳತೆಯನ್ನು ಹೆಚ್ಚಿನವರು ಮಾಡುವುದಿಲ್ಲ, ಆದರೆ ಅದು ಹೇಳುವಷ್ಟು ಬೇರಾವುದೂ ಹೇಳುವುದಿಲ್ಲ: ತೊಂದರೆ ಕೊಡುತ್ತಿರುವ ಉಪಕರಣದ ತಂತಿಗಳಲ್ಲೇ, ಅದು ಕೆಲಸ ಮಾಡುತ್ತಿರುವಾಗಲೇ ಅಳೆಯುವುದು. ಬ್ಯಾಟರಿಯಲ್ಲಿ 12.5 ಇದ್ದು ಫರ್ನೇಸ್‌ನ ಬಳಿ 10.9 ಇದ್ದರೆ ಫರ್ನೇಸ್ ನಿರ್ದೋಷಿ. ನಡುವೆ ಎಲ್ಲೋ ತುಕ್ಕು ಹಿಡಿದ ಜೋಡಣೆ ಇದೆ, ಬಹುತೇಕ ಸಲ ಮೈನಸ್ ತಂತಿಯನ್ನು ವಾಹನದ ಚೌಕಟ್ಟಿಗೆ ಬಿಗಿದ ಬೋಲ್ಟಿನಲ್ಲಿ. ಆ ಬೋಲ್ಟನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಕೆರೆದು, ಹೊಳೆಯುವ ಲೋಹಕ್ಕೆ ಲೋಹ ತಾಗುವಂತೆ ಮತ್ತೆ ಬಿಗಿಯಬೇಕು. ಎಂಜಿನ್ ಚಾಲೂ ಇರುವಾಗ 15ಕ್ಕಿಂತ ಮೇಲೆ ಕಂಡರೆ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಸೋತಿದೆ, ಮುಂದೆ ಓಡಿಸಬಾರದು. ಕೊನೆಯ ಅಳತೆ ಕಂಬಕ್ಕೆ ಜೋಡಿಸಿ ಒಂದು ದಿನ ಪೂರ್ತಿ ಕಳೆದ ಮೇಲಿನದು. ಲೆಡ್-ಆಸಿಡ್ ಬ್ಯಾಟರಿಯಾದರೆ ಅಷ್ಟು ಹೊತ್ತಿಗೆ ಅಂಕಿ 13.2ರಿಂದ 13.6ರ ನಡುವೆ ಬಂದು ನೆಲೆಸಿರಬೇಕು. ಇನ್ನೂ 14.4 ಇದ್ದರೆ ಬ್ಯಾಟರಿಯ ಬದಿಯನ್ನು ಅಂಗೈಯಿಂದ ಮುಟ್ಟಿ ನೋಡಿ: ಬಿಸಿಯಾಗಿದ್ದರೆ ಬ್ಯಾಟರಿಯ ಒಂದು ಸೆಲ್ ಹೋಗಿರುವ ಸಾಧ್ಯತೆ ಹೆಚ್ಚು, ತಣ್ಣಗಿದ್ದರೆ ಅನುಮಾನ ಪಡಬೇಕಾದದ್ದು ಚಾರ್ಜರಿನ ಮೇಲೆ.